ಉಂಡವರು ಹಸಿದ ಊರು

ಈ ಊರಿಗೆ ಬಂದ ಮೇಲೆ ನಾನು ದಪ್ಪಗಾದೆ, ನನ್ನ ಹೆಂಡತಿ ಇಂದುಮತಿ ಸೊರಗಿದಳು. ಬೇರೆ ಊರಿನಲ್ಲಾಗಿದ್ದರೆ ಇದು ಡಾಕ್ಟರ ಹತ್ತಿರ ಹೇಳಿಕೊಳ್ಳುವ ಮಾತು. ಇಲ್ಲಿ ಇದು ಜನ ಬೀದಿಯಲ್ಲಿ ನಿಂತು ಆಡಿಕೊಳ್ಳುವ ಮಾತು.

ಇಂದುಮತಿ ನಮ್ಮ ದೇಶದ ಬಂದರು ಖಾತೆಯ ಸಚಿವೆ. ಏಳು ದೇಶಗಳ ನಡುವೆ ಒಂದು ಕೊಲ್ಲಿಯಿದೆ. ಅದರಲ್ಲಿ ಯಾರ ಹಡಗು ಎಲ್ಲಿ ನಿಲ್ಲಬೇಕು, ಯಾವ ಕಂಪನಿ ಹೂಳೆತ್ತಬೇಕು, ಯಾರು ಎಲ್ಲಿಯವರೆಗೆ ಬಲೆ ಬೀಸಬಹುದು ಎಂದು ತೀರ್ಮಾನಿಸಲು ಏಳು ದೇಶಗಳ ಸಚಿವರು ಸೇರಿ ಒಂದು ಮಂಡಳಿ ಮಾಡಿಕೊಂಡಿದ್ದಾರೆ. ಮಂಡಳಿ ಕೂಡುವುದು ಈ ಊರಿನಲ್ಲಿ. ಏಳರಲ್ಲಿ ಯಾರಿಗೂ ಸೇರದ ಊರು ಬೇಕು ಎಂದು ಹುಡುಕಿ ಹಿಡಿದರಂತೆ. ನಾನು ರುಕ್ಮಾಂಗದ, ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದು ನಿವೃತ್ತನಾದವನು. ಹೆಂಡತಿಯ ಜೊತೆಗೆ ಬಂದು ಇಲ್ಲಿ ಅಡುಗೆ ಮಾಡಿಕೊಂಡಿದ್ದೇನೆ. ಒಲೆ ಮದುವೆಯಾದಾಗಿನಿಂದ ನನ್ನದೇ. ಇಂದುಮತಿಗೆ ಅನ್ನಕ್ಕೆ ನೀರೆಷ್ಟು ಇಡಬೇಕು ಎಂದು ಇವತ್ತಿಗೂ ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳುವ ಪುರುಸೊತ್ತೂ ಅವಳಿಗೆ ಇರಲಿಲ್ಲ.

ಊರಿನ ವಿಷಯ ಹೇಳಿಬಿಡುತ್ತೇನೆ. ಇಲ್ಲಿ ಅಧಿಕಾರದಲ್ಲಿರುವವರಿಗೆ ಯಾರಾದರೂ ಮನಸ್ಸಿನಲ್ಲೊಂದು ಬೇಡಿಕೆ ಇಟ್ಟುಕೊಂಡು ಏನನ್ನಾದರೂ ಕೊಟ್ಟರೆ, ಅದರ ಸುಖ ಕೊಟ್ಟವನಿಗೇ ಉಳಿಯುತ್ತದೆ. ವರ್ತಕನೊಬ್ಬ ಸಚಿವರನ್ನು ತನ್ನ ಖರ್ಚಿನಲ್ಲಿ ಮೆತ್ತನೆಯ ಹಾಸಿಗೆಯಲ್ಲಿ ಮಲಗಿಸಿದರೆ ಸಚಿವರು ಬೆಳಿಗ್ಗೆ ಕಣ್ಣು ಕೆಂಪಗೆ ಮಾಡಿಕೊಂಡು ಏಳುತ್ತಾರೆ, ವರ್ತಕ ತನ್ನ ಮನೆಯಲ್ಲಿ ಎಣ್ಣೆನೀರು ಹಾಕಿಸಿಕೊಂಡ ಮಗುವಿನ ಹಾಗೆ ಕಳೆಕಳೆಯಾಗಿ ಏಳುತ್ತಾನೆ. ಔತಣ ಮಾಡಿಸಿದರೆ ಉಂಡವರು ಹಸಿದುಕೊಂಡೇ ಎಲೆ ಬಿಡುತ್ತಾರೆ, ಬಡಿಸಿದವನು ತೇಗುತ್ತಾನೆ. ಶಾಲು ಹೊದಿಸಿದರೆ ಚಳಿ ಬಿಡುವುದು ಹೊದಿಸಿದವನಿಗೆ. ಯಾಕೆ ಹೀಗೆ ಎಂದು ಬಂದ ಹೊಸತರಲ್ಲಿ ಒಬ್ಬಿಬ್ಬರನ್ನು ಕೇಳಿದೆ. ನಿಮ್ಮ ಊರುಗಳಲ್ಲಿ ಯಾಕೆ ಹೀಗಿಲ್ಲ ಎಂದು ಅವರು ನನ್ನನ್ನೇ ಕೇಳಿದರು.

ಊರಿನವರು ಇದಕ್ಕೆ ಒಗ್ಗಿಹೋಗಿದ್ದಾರೆ. ಬೆಳಿಗ್ಗೆ ಸಭಾಭವನದ ಮೆಟ್ಟಿಲ ಮೇಲೆ ಚಹಾದ ಲೋಟ ಹಿಡಿದು ಕುಳಿತು, ಒಳಗೆ ಹೋಗುವ ಸಚಿವರ ಮುಖ ನೋಡುವುದು ಇಲ್ಲಿಯವರಿಗೆ ಪೇಪರ್ ಓದಿದ ಹಾಗೆ. ಯಾರ ಕೆನ್ನೆ ಇಳಿದಿದೆ, ಯಾವ ವರ್ತಕನ ಕೆನ್ನೆ ಏರಿದೆ, ಎರಡನ್ನೂ ಹೊಂದಿಸಿ ನೋಡಿದರೆ ಮುಗಿಯಿತು. ಸಚಿವರೇನು ಕಡಿಮೆಯವರೇ? ಉತ್ತರದ ದೇಶದ ವಿಶ್ವಂಭರರಾಯರು ಮಂಡಳಿಯಲ್ಲಿ ಎಲ್ಲರಿಗಿಂತ ಹಳಬರು. ಕೆನ್ನೆಗೆ ಬಣ್ಣ ಹಚ್ಚಿ, ಕಣ್ಣಿನ ಕೆಳಗೆ ಪೌಡರ್ ಮೆತ್ತಿ ಮದುಮಗನ ಹಾಗೆ ಬರುತ್ತಾರೆ. ವರ್ತಕರು ಬೇಕೆಂದೇ ಗಡ್ಡ ಬಿಟ್ಟು, ಆಕಳಿಸುತ್ತಾ ಓಡಾಡುತ್ತಾರೆ. ಈಚೆಗೆ ಇನ್ನೊಂದು ಉಪಾಯ ಹುಟ್ಟಿಕೊಂಡಿದೆ. ವರ್ತಕ ತಾನೇ ಕೊಡುವುದಿಲ್ಲ, ಎಲ್ಲವನ್ನೂ ತನ್ನ ಜವಾನನ ಕೈಯಲ್ಲಿ ಅವನ ಹೆಸರಿನಲ್ಲೇ ಕೊಡಿಸುತ್ತಾನೆ. ಜವಾನನಿಗೂ ಬೇಡಿಕೆ ಇದ್ದೇ ಇದೆ, ಕೆಲಸ ಉಳಿಯಬೇಕು. ಹಾಗಾಗಿ ಸಚಿವರು ಉಂಡದ್ದೆಲ್ಲ ಅವನ ಹೊಟ್ಟೆಗೆ ಹೋಗುತ್ತದೆ. ಈ ಊರಿನ ಜವಾನರಷ್ಟು ಗುಂಡಗಿರುವ ಜವಾನರನ್ನು ನಾನು ಎಲ್ಲೂ ಕಂಡಿಲ್ಲ. ಸಾಲಾಗಿ ಔತಣಗಳಿದ್ದ ದಿನ ಪಾಪ ಅವರು ಗೋಡೆಗೊರಗಿ ಹೊಟ್ಟೆ ಹಿಡಿದುಕೊಂಡು ನರಳುತ್ತಿರುತ್ತಾರೆ.

ದುಡ್ಡು ಕೊಟ್ಟು ತಿನ್ನಬಹುದಲ್ಲ ಎನ್ನಬೇಡಿ. ಸಚಿವರ ದುಡ್ಡನ್ನು ಇಲ್ಲಿ ಯಾವ ಅಂಗಡಿಯವರೂ ಮುಟ್ಟುವುದಿಲ್ಲ. ಅಯ್ಯೋ ನಿಮ್ಮಿಂದ ತಗೋತೀವಾ ಎಂದು ಕೈಮುಗಿಯುತ್ತಾರೆ. ಮುಗಿದ ಕೈಯ ಹಿಂದೆ ಅಂಗಡಿ ಮುಂದಿನ ಚರಂಡಿಯೋ, ಅಳಿಯನ ಕೆಲಸವೋ ಇದ್ದೇ ಇರುತ್ತದೆ. ಆಮೇಲೆ ಆ ಇಡ್ಲಿ ತಿಂದರೂ ಒಂದೇ, ತಿನ್ನದಿದ್ದರೂ ಒಂದೇ. ಉಳಿಯುವುದು ಮನೆಯ ಊಟ. ಗಂಡನಿಗೆ ಹೆಂಡತಿ, ಹೆಂಡತಿಗೆ ಗಂಡ ಮಾಡಿ ಬಡಿಸುವ ಅನ್ನ. ಅದರಲ್ಲಿ ಬೇಡಿಕೆ ಏನೂ ಇರುವುದಿಲ್ಲ ಎಂಬುದು ಎಲ್ಲರ ನಂಬಿಕೆ. ನನ್ನದೂ ಅದೇ ಆಗಿತ್ತು.

ಇಂದುಮತಿ ಮಂಡಳಿಯ ಮುಂದೆ ಒಂದು ನಿಯಮ ತಂದಿದ್ದಳು. ಪ್ರತಿ ಸಭೆಯ ಮೊದಲಿಗೆ ಪ್ರತಿಯೊಬ್ಬ ಸಚಿವರೂ ಎದ್ದು ನಿಂತು, ಯಾರ ಮನೆಯಲ್ಲಿ ಉಂಡೆ, ಯಾರ ಹಾಸಿಗೆಯಲ್ಲಿ ಮಲಗಿದೆ, ಯಾರ ಗಾಡಿಯಲ್ಲಿ ಬಂದೆ, ಕೊಟ್ಟವರಿಗೆ ಏನು ಬೇಕಾಗಿದೆ ಎಂದು ಎಲ್ಲರೆದುರು ಬಾಯಿಬಿಟ್ಟು ಹೇಳಬೇಕು. ಆ ವಿಷಯ ಚರ್ಚೆಗೆ ಬಂದ ದಿನ ಹೇಳಿದವರು ಓಟು ಹಾಕದೆ ಪಕ್ಕಕ್ಕೆ ಕೂರಬೇಕು. ಇಷ್ಟೇ. ಇದನ್ನು ತಂದದ್ದಕ್ಕೆ ವಿಶ್ವಂಭರರಾಯರು ಅವಳನ್ನು ಸಭೆಯಲ್ಲೇ ಮುದ್ದು ಮಾಡುವ ದನಿಯಲ್ಲಿ ಗದರಿದ್ದರು. "ತಂಗೀ, ಇದು ಬೇರೆ ಊರಾಗಿದ್ರೆ ಸರಿ. ಇಲ್ಲಿ ಅನ್ನವೇ ಎಲ್ಲಾ ಹೇಳಿಬಿಡುತ್ತೆ. ಮತ್ತೆ ಬಾಯಲ್ಲಿ ಬೇರೆ ಯಾಕೆ ಹೇಳಿಸ್ತೀಯಾ?" ಇವಳು ಹೇಳಿದಳಂತೆ, "ಅನ್ನ ಹಸಿವು ಅಂತ ಮಾತ್ರ ಹೇಳುತ್ತೆ ಸರ್. ಯಾರದ್ದು, ಯಾಕೆ ಅಂತ ಹೇಳಲ್ಲ. ನಿಮಗೆ ಉಣ್ಣಿಸೋ ಜವಾನ ಬಸಲಿಂಗನ್ನ ನೋಡಿ, ಅವನಿಗೆ ಈ ಕೊಲ್ಲಿಯಲ್ಲಿ ಏನು ಬೇಕಾಗಿದೆ?" ಸಭೆಯೆಲ್ಲ ನಕ್ಕಿತಂತೆ. ರಾಯರೂ ನಕ್ಕರಂತೆ. ಅವಳ ಮೇಲಿನ ಅವರ ಹಗೆ ಆ ನಗುವಿನಿಂದ ಶುರುವಾಯಿತು ಎಂದು ನನಗೆ ಅನ್ನಿಸುತ್ತದೆ. ಅಂಥವರು ತಮ್ಮನ್ನು ನೋಡಿ ನಕ್ಕದ್ದನ್ನು ಮರೆಯುವುದಿಲ್ಲ.

ಅಷ್ಟರಲ್ಲೇ ಇಂದುಮತಿ ಸೊರಗತೊಡಗಿದ್ದಳು. ಬಳೆಗಳು ಮೊಣಕೈಯವರೆಗೆ ಜಾರುತ್ತಿದ್ದವು. ಸಭೆಯಲ್ಲಿ ನಿಂತು ಮಾತಾಡುವಾಗ ಮೇಜು ಹಿಡಿದುಕೊಳ್ಳುತ್ತಿದ್ದಳು. ಮೆಟ್ಟಿಲ ಮೇಲಿನ ಜನ ನೋಡುವುದನ್ನು ನೋಡಿದರು, ಆಡುವುದನ್ನು ಆಡಿದರು. ನಿಯಮ ತರುವವಳೇ ಎಲ್ಲೋ ದೊಡ್ಡದಾಗಿ ಉಣ್ಣುತ್ತಿದ್ದಾಳೆ, ಇಲ್ಲದಿದ್ದರೆ ಮುಖ ಹೀಗ್ಯಾಕೆ ಒಣಗುತ್ತದೆ ಎಂದು. ವಿಶ್ವಂಭರರಾಯರು ಅವಳು ಎದುರಾದಾಗಲೆಲ್ಲ ಕನಿಕರದಿಂದ ತಲೆ ಅಲ್ಲಾಡಿಸಿದರು, ಅಷ್ಟೇ. ನಮ್ಮ ಪರವಾಗಿದ್ದ ಇಬ್ಬರು ಸಚಿವರು ಅವಳ ಪಕ್ಕದಲ್ಲಿ ಕೂರುವುದನ್ನು ಬಿಟ್ಟರು.

ಮನೆಯ ಊಟ ಬಿಟ್ಟು ಇಂದುಮತಿ ಒಂದು ತೊಟ್ಟು ನೀರನ್ನೂ ಹೊರಗೆ ಕುಡಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಕೆಲಸ ಜಾಸ್ತಿ, ಅದಕ್ಕೇ ಸುಸ್ತು ಅಂದುಕೊಂಡೆ. ತುಪ್ಪ ಜಾಸ್ತಿ ಹಾಕಿದೆ, ಹಾಲಿನಲ್ಲಿ ಬಾದಾಮಿ ಅರೆದು ಕೊಟ್ಟೆ. ತಟ್ಟೆ ಖಾಲಿ ಮಾಡಿ, "ಇನ್ನೂ ಏನಾದ್ರೂ ಇದೆಯಾ?" ಎಂದು ಕೇಳುವಳು. ಇನ್ನಷ್ಟು ಬಡಿಸಿದರೆ ಅದನ್ನೂ ತಿಂದು ಕೈ ತೊಳೆಯುವಾಗ ಗೋಡೆ ಹಿಡಿಯುವಳು. ನನಗೋ ಹಸಿವೇ ಇರಲಿಲ್ಲ. ಅಡುಗೆ ಮಾಡುವವರಿಗೆ ವಾಸನೆಗೇ ಹೊಟ್ಟೆ ತುಂಬುತ್ತದಲ್ಲ, ಹಾಗೆ ಎಂದುಕೊಂಡಿದ್ದೆ. ಮನುಷ್ಯ ತನಗೆ ಬೇಕಾದ ಹಾಗೆ ಅಂದುಕೊಳ್ಳುವುದರಲ್ಲಿ ಎಂಥ ಚತುರ ನೋಡಿ.

ಸಭಾಭವನದ ಎದುರಿಗೆ ಚಹಾ ಮಾರುವ ದ್ಯಾವಮ್ಮ ನನ್ನ ಕಣ್ಣು ತೆರೆಸಿದಳು. ನಾನು ಸಚಿವನಲ್ಲವಾದ್ದರಿಂದ ನನ್ನ ದುಡ್ಡು ತೆಗೆದುಕೊಳ್ಳುತ್ತಿದ್ದಳು. ಒಂದು ಬೆಳಿಗ್ಗೆ ಲೋಟ ಕೈಗೆ ಕೊಟ್ಟವಳು ಹೋಗದೆ ನಿಂತು ನನ್ನ ಮುಖವನ್ನೇ ನೋಡಿದಳು.

"ಸಾಮೀ, ತೆಪ್ಪು ತಿಳ್ಕಾಬ್ಯಾಡಿ. ನಿಮ್ಮ ಮಕ ದಿನಾ ತುಂಬ್ಕಂತಾ ಐತೆ."

"ವಯಸ್ಸಾಯ್ತಲ್ಲಮ್ಮ, ಊದ್ಕೊಂಡಿರಬೇಕು."

"ಊದಿರೋ ಮಕ ನಂಗೊತ್ತಿಲ್ವಾ? ಇದು ಉಂಡಿರೋ ಮಕ. ಅಮ್ಮಾವ್ರು ಒಣಗ್ತಾವ್ರೆ, ನೀವು ತುಂಬ್ಕತಾ ಇದೀರಿ. ಮೆಟ್ಲು ಮ್ಯಾಗಿನೋರು ಇನ್ನೂ ವರ್ತಕರ ಮಕಾನೇ ನೋಡ್ತಾವ್ರೆ. ನಿಮ್ಮ ಕಡೀಕೆ ಯಾರೂ ತಿರುಗಿಲ್ಲ. ತಿರುಗೋದ್ರೊಳಗೆ ಏನಾದ್ರೂ ನೋಡ್ಕಳಿ."

ಲೋಟವನ್ನು ಹಾಗೇ ಕೆಳಗಿಟ್ಟೆ. ಆದರೂ ಒಂದು ಸಮಾಧಾನ ಥಟ್ಟನೆ ಹೊಳೆಯಿತು. ನನ್ನ ತಮ್ಮ ಪದ್ಮನಾಭ ಕಲ್ಲಿನ ಗುತ್ತಿಗೆದಾರ. ಬಂದರಿನ ತಡೆಗೋಡೆಗೆ ಕಲ್ಲು ಒದಗಿಸುವ ಕೆಲಸ ತನಗೆ ಸಿಗಲಿ ಎಂದು ಹಿಂದಿನ ತಿಂಗಳಷ್ಟೇ ನಮ್ಮ ಮನೆಗೆ ಬಂದಿದ್ದ. "ಅಣ್ಣಾ, ಅತ್ತಿಗೆಗೆ ನೇರವಾಗಿ ಕೇಳೋಕೆ ನಂಗೆ ಭಯ. ನೀನೇ ಊಟದ ಹೊತ್ತಲ್ಲಿ ಒಂದು ಮಾತು ಹಾಕು," ಅಂದಿದ್ದ. ನಾನು ಹಾಕಿರಲಿಲ್ಲ. ಆದರೆ ಇಲ್ಲ ಎಂದೂ ಹೇಳಿರಲಿಲ್ಲ, ನೋಡೋಣ ಅಂದಿದ್ದೆ. ಆ ನೋಡೋಣವೇ ಸಾರಿನಲ್ಲಿ ಸೇರಿಕೊಂಡಿರಬೇಕು ಎಂದುಕೊಂಡೆ. ಅವತ್ತೇ, ಪದ್ಮನಾಭ ಉತ್ತರಕ್ಕಾಗಿ ಕಾಯುತ್ತಾ ಇನ್ನೂ ಇಳಿದುಕೊಂಡಿದ್ದ ಛತ್ರಕ್ಕೆ ಹೋಗಿ, ಆಗುವುದಿಲ್ಲ, ಇನ್ನು ಈ ಮಾತು ಎತ್ತಬೇಡ ಎಂದು ಖಡಾಖಂಡಿತವಾಗಿ ಹೇಳಿಬಿಟ್ಟೆ. ಅವನು ಮುಖ ಊದಿಸಿಕೊಂಡು ಗಂಟುಮೂಟೆ ಕಟ್ಟಿದ. ಒಡಹುಟ್ಟಿದವನ ಮನಸ್ಸು ನೋಯಿಸಿದ್ದಕ್ಕೆ ಬೇಸರವಾಯಿತು, ಆದರೂ ಹಗುರಾದೆ. ಸಂಜೆ ಇಂದುಮತಿಗೆ ಎಲ್ಲವನ್ನೂ ಹೇಳಿದೆ.

"ಪದ್ಮನಾಭನದ್ದಾ?" ಎಂದು ಅವಳು ಸುಸ್ತಾಗಿ ನಕ್ಕಳು. "ಅಷ್ಟಕ್ಕೆಲ್ಲ ನಾನು ಇಷ್ಟು ಒಣಗ್ತೀನಾ? ಇರಲಿ, ಬಡಿಸಿ."

ಅನ್ನ, ಹುರುಳಿಕಾಳಿನ ಸಾರು, ಹಪ್ಪಳ. ನಾನು ತಿನ್ನದೆ ಎದುರಿಗೆ ಕುಳಿತು ಅವಳನ್ನೇ ನೋಡಿದೆ. ಅವಳು ಒಂದು ತುತ್ತು ನುಂಗಿದಳು, ನನ್ನ ಹೊಟ್ಟೆಯಲ್ಲಿ ಬೆಚ್ಚಗೆ ಏನೋ ಇಳಿಯಿತು. ಇನ್ನೊಂದು ತುತ್ತು, ಮತ್ತೆ ಇಳಿಯಿತು. ಹಪ್ಪಳ ಮುರಿದು ಬಾಯಿಗಿಟ್ಟಳು, ಉಪ್ಪು ನನ್ನ ನಾಲಿಗೆಗೆ ತಾಗಿತು. ತಟ್ಟೆ ಮುಗಿಯುವ ಹೊತ್ತಿಗೆ ನನಗೆ ತೇಗು ಬಂತು. ಅದನ್ನು ಬಾಯಿಗೆ ಕೈ ಅಡ್ಡ ಹಿಡಿದು ನುಂಗಿಕೊಂಡೆ. ನನ್ನ ಜೀವಮಾನದಲ್ಲಿ ನನ್ನ ಮೇಲೆ ನನಗೆ ಅಷ್ಟು ಅಸಹ್ಯವಾಗಿದ್ದಿಲ್ಲ. "ಇನ್ನೂ ಏನಾದ್ರೂ ಇದೆಯಾ?" ಎಂದಳು.

ಹಾಗಾದರೆ ಪದ್ಮನಾಭನದ್ದಲ್ಲ. ನನ್ನದೇ. ಏನದು ಎಂದು ಹುಡುಕಬೇಕಾಗಿಯೂ ಇರಲಿಲ್ಲ, ಅದು ಮೊದಲಿನಿಂದಲೂ ಅಡುಗೆಮನೆಯಲ್ಲಿ ನನ್ನ ಜೊತೆಗೇ ನಿಂತಿತ್ತು. ನನಗೆ ನಮ್ಮೂರಿಗೆ ಹೋಗಬೇಕು. ನಿಲ್ದಾಣದ ಎದುರಿನ ಕ್ಯಾಂಟೀನಿನಲ್ಲಿ ಹಳೆಯ ಡ್ರೈವರುಗಳ ಜೊತೆ ಕೂತು ಇಸ್ಪೀಟು ಆಡಬೇಕು. ಇಲ್ಲಿ ಸಚಿವೆಯ ಗಂಡ ಎಂದು ಬಾಯಿ ಹೊಲಿದುಕೊಂಡು ಬದುಕಿ ಬದುಕಿ ನನಗೆ ಸಾಕಾಗಿತ್ತು. ಇಂದುಮತಿ ಒಂದು ಮಾತು ಹೇಳಿದ್ದಳು, ಈ ನಿಯಮ ಪಾಸಾದರೆ ಅದನ್ನು ಜಾರಿಗೆ ತರುವವರೆಗೆ ಇನ್ನೊಂದು ಅವಧಿ ಇಲ್ಲೇ ಇರಬೇಕಾಗುತ್ತದೆ ಎಂದು. ಬಿದ್ದುಹೋದರೆ ರಾಜೀನಾಮೆ ಕೊಟ್ಟು ಹೊರಡುವುದು ಎಂದು ಮಾತಾಗಿತ್ತು. ಅವತ್ತಿನಿಂದ ನಾನು ಸಾಸಿವೆ ಸಿಡಿಸುವಾಗಲೂ, ಕಾಯಿ ತುರಿಯುವಾಗಲೂ ಒಳಗೊಳಗೇ ಒಂದನ್ನೇ ಬೇಡುತ್ತಿದ್ದೆ. ಇದು ಬಿದ್ದುಹೋಗಲಿ. ಹಾಗೆ ಬೇಡುತ್ತಾ ಮಾಡಿದ ಅನ್ನವನ್ನೇ ಅದಕ್ಕಾಗಿ ಹೋರಾಡುವವಳ ತಟ್ಟೆಗೆ ಹಾಕುತ್ತಿದ್ದೆ.

ಇದನ್ನು ಅವಳಿಗೆ ಹೇಳಲು ನನ್ನಿಂದ ಆಗಲಿಲ್ಲ. ಬೇಡಿಕೆ ಬಿಟ್ಟುಬಿಡೋಣ ಎಂದು ಪ್ರಯತ್ನಪಟ್ಟೆ. ಅಕ್ಕಿ ತೊಳೆಯುವಾಗ ಪಾಸಾಗಲಿ, ಪಾಸಾಗಲಿ ಎಂದು ಗಟ್ಟಿಯಾಗಿ ಅಂದುಕೊಂಡೆ. ಅಕ್ಕಿಗೆ ಸುಳ್ಳು ಹೇಳಿದರೆ ಅದು ಕೇಳುವುದಿಲ್ಲ. ಅವಳು ಮರುದಿನ ಇನ್ನಷ್ಟು ಬಿಳಿಚಿಕೊಂಡಳು.

ಓಟಿನ ದಿನ ಬಂತು. ನಾನು ಡಬ್ಬಿಯಲ್ಲಿ ಮೊಸರನ್ನ ಕಟ್ಟಿಕೊಟ್ಟೆ. ಬಾಗಿಲ ಹತ್ತಿರ ನಿಂತು, "ರೀ, ಇವತ್ತು ನೀವೂ ಬನ್ನಿ, ಮೇಲಿನ ಸಾಲಲ್ಲಿ ಕೂತ್ಕೊಳ್ಳಿ," ಅಂದಳು. ಅಷ್ಟು ದಿನದಲ್ಲಿ ಅವಳು ಹಾಗೆ ಕರೆದದ್ದಿಲ್ಲ. ಹೋದೆ.

ಸಭೆ ತುಂಬಿತ್ತು. ಮೆಟ್ಟಿಲ ಮೇಲಿನವರೆಲ್ಲ ಒಳಗೆ ಬಂದಿದ್ದರು. ಚಹಾದ ಕೆಟಲು ಬಿಟ್ಟು ದ್ಯಾವಮ್ಮನೂ ಬಂದು ಕಂಬಕ್ಕೊರಗಿ ನಿಂತಿದ್ದಳು. ವಿಶ್ವಂಭರರಾಯರು ಎದ್ದು, ನಿಯಮ ತಂದವರ ಆರೋಗ್ಯದ ಬಗ್ಗೆ ತಮಗೆ ತುಂಬಾ ಚಿಂತೆಯಾಗಿದೆ ಎಂದು ಶುರು ಮಾಡಿದರು. ಊರಿನ ಜನ ಏನೇನೋ ಆಡಿಕೊಳ್ಳುತ್ತಾರೆ, ಅದನ್ನೆಲ್ಲ ತಾವು ನಂಬುವವರಲ್ಲ ಎಂದರು. ಜನರೆಲ್ಲ ಇಂದುಮತಿಯ ಕೆನ್ನೆ ನೋಡಿದರು. ಅವಳು ಎರಡೂ ಕೈಯಲ್ಲಿ ಮೇಜು ಹಿಡಿದುಕೊಂಡು ಎದ್ದಳು.

"ನಿಯಮ ಇನ್ನೂ ಆಗಿಲ್ಲ. ಆದ್ರೂ ನಾನು ಅದರ ಪ್ರಕಾರಾನೇ ಮೊದಲು ಹೇಳಿಬಿಡ್ತೀನಿ," ಅಂದಳು. "ನಾನು ಎರಡು ಹೊತ್ತೂ ಉಣ್ಣೋದು ಒಬ್ಬರು ಕೊಟ್ಟಿದ್ದನ್ನ. ಅದು ನನ್ನ ಮೈಗೆ ಹತ್ತಿಲ್ಲ, ನೀವೆಲ್ಲ ನೋಡ್ತಾನೇ ಇದೀರಿ. ಕೊಟ್ಟೋರು ನನ್ನ ಗಂಡ ರುಕ್ಮಾಂಗದ. ಅವರಿಗೆ ಏನು ಬೇಕು ಅಂತ ನಂಗೆ ಗೊತ್ತಿಲ್ಲ. ಅವರು ಇಲ್ಲೇ ಇದಾರೆ. ಅವರೇ ಹೇಳ್ತಾರೆ."

ಅವಳಿಗೆ ಗೊತ್ತಾಗಿತ್ತು. ಹುರುಳಿಸಾರಿನ ಸಂಜೆ ನಾನು ನುಂಗಿಕೊಂಡ ತೇಗನ್ನು ಅವಳು ನೋಡಿದ್ದಳೋ, ಅದಕ್ಕೂ ಮೊದಲೇ ಗೊತ್ತಿತ್ತೋ, ಇವತ್ತಿಗೂ ನಾನು ಕೇಳಿಲ್ಲ. ಸಭೆಯ ಅಷ್ಟೂ ಮುಖಗಳು ಮೇಲಿನ ಸಾಲಿಗೆ ತಿರುಗಿದವು. ದುಂಡಗೆ, ಮಿರಿಮಿರಿ ಮಿಂಚುತ್ತಿದ್ದ ನನ್ನ ಮುಖ ಅಲ್ಲಿತ್ತು. ಯಾರಿಗೂ ಬೇರೆ ಸಾಕ್ಷಿ ಬೇಕಾಗಲಿಲ್ಲ.

ತಮ್ಮನ ಕಲ್ಲಿನ ವಿಷಯ ಹೇಳಿಬಿಡಬಹುದಿತ್ತು. ಅದು ಜನರಿಗೆ ಅರ್ಥವಾಗುವ ಬೇಡಿಕೆ. ನನಗೂ ಅಷ್ಟು ನಾಚಿಕೆಯಾಗುತ್ತಿರಲಿಲ್ಲ, ಒಡಹುಟ್ಟಿದವನಿಗಾಗಿ ಅನ್ನಬಹುದಿತ್ತು. ಏನೂ ಬೇಡ ಎಂದು ಕೈಯಾಡಿಸಿಬಿಟ್ಟಿದ್ದರೆ ಅವಳ ಮಾತು ಸುಳ್ಳಾಗಿ ಅವಳು ಅಲ್ಲೇ ಮುಗಿದುಹೋಗುತ್ತಿದ್ದಳು, ನಾವು ಮಾರನೆಯ ದಿನವೇ ನಮ್ಮೂರಿನ ಬಸ್ಸು ಹತ್ತಬಹುದಿತ್ತು. ಅದೂ ಮನಸ್ಸಿಗೆ ಬಂತು, ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಕೆಳಗೆ ಅವಳು ನನ್ನ ಕಡೆ ನೋಡುತ್ತಿರಲಿಲ್ಲ. ಮೇಜು ಹಿಡಿದ ತನ್ನ ಕೈಗಳನ್ನೇ ನೋಡುತ್ತಿದ್ದಳು. ಎದ್ದು ನಿಂತೆ.

"ಈ ನಿಯಮ ಬಿದ್ದುಹೋಗಲಿ ಅಂತ," ಎಂದೆ. ದನಿ ಹೊರಡಲಿಲ್ಲ. ಜೋರಾಗಿ ಹೇಳಿ ಎಂದು ಯಾರೋ ಕೂಗಿದರು. "ಇದು ಬಿದ್ದುಹೋಗಲಿ ಅಂತ ಬೇಡ್ಕೋತಾ ಅಡುಗೆ ಮಾಡ್ತಿದ್ದೆ. ನಂಗೆ ಊರಿಗೆ ಹೋಗ್ಬೇಕು. ಇವಳನ್ನೂ ಕರ್ಕೊಂಡು ಹೋಗ್ಬೇಕು. ಇದು ಪಾಸಾದ್ರೆ ಹೋಗೋಕಾಗಲ್ಲ. ಇದಕ್ಕಿಂತ ಬೇರೆ ಏನಿಲ್ಲ."

ಯಾರೋ ನಗಲು ಹೊರಟು ಸುಮ್ಮನಾದರು. ಇಂದುಮತಿ ಕುಳಿತಳು. ಚೀಲದಿಂದ ಡಬ್ಬಿ ತೆಗೆದು, ಮೇಜಿನ ಮೇಲಿಟ್ಟು, ಅಷ್ಟು ಜನರೆದುರು ಮುಚ್ಚಳ ಬಿಚ್ಚಿದಳು. ಚಮಚ ಇರಲಿಲ್ಲ. ಕೈಯಲ್ಲೇ ಕಲೆಸಿ ಒಂದು ತುತ್ತು ಬಾಯಿಗಿಟ್ಟಳು. ನನ್ನ ಹೊಟ್ಟೆಯಲ್ಲಿ ಏನೂ ಇಳಿಯಲಿಲ್ಲ. ಇನ್ನೊಂದು ತುತ್ತು ತಿಂದಳು. ಏಳು ದೇಶದ ಸಚಿವರು, ವರ್ತಕರು, ಜವಾನರು ಎಲ್ಲರೂ ನೋಡುತ್ತಿದ್ದ ಹಾಗೆ ಅವಳ ತುಟಿಗೆ ರಕ್ತ ಬಂತು, ಆಮೇಲೆ ಕೆನ್ನೆಗೆ. ಡಬ್ಬಿ ಅರ್ಧಕ್ಕೇ ಸಾಕಾಗಿ ಮುಚ್ಚಿದಳು. ಎಷ್ಟು ದಿನವಾಗಿತ್ತು ಅವಳು ಅನ್ನ ಉಳಿಸಿ. ನನಗೆ ಅಳು ಬಂತು, ತಡೆಯಲಿಲ್ಲ. ಅದರ ಜೊತೆಗೆ ಹಸಿವೂ ಬಂತು, ಕರುಳು ಹಿಂಡುವಂಥ ಹಸಿವು.

ಬಾಯಿಬಿಟ್ಟು ಹೇಳಿದರೆ ಅನ್ನ ಮೈಗೆ ಹತ್ತುತ್ತದೆ ಎಂದು ಎಲ್ಲರಿಗೂ ಕಣ್ಣಾರೆ ಕಾಣಿಸಿತಲ್ಲ, ಇನ್ನು ನಿಯಮ ಪಾಸಾದಂತೆಯೇ ಎಂದು ಆ ಗಳಿಗೆಯಲ್ಲಿ ನಾನು ನಂಬಿದೆ. ನನ್ನ ದಡ್ಡತನ. ಎಲ್ಲರಿಗೂ ಕಾಣಿಸಿದ್ದೇ ಮುಳುವಾಯಿತು. ಹಸಿವಾದರೆ ತಡೆದುಕೊಳ್ಳಬಹುದು, ಪೌಡರ್ ಹಚ್ಚಿಕೊಳ್ಳಬಹುದು. ಆದರೆ ಹೀಗೆ ಎದ್ದು ನಿಂತು, ಕೊಟ್ಟವನನ್ನೂ ಎಬ್ಬಿಸಿ, ಅವನ ಬಾಯಿಂದ ಅವನ ಬೇಡಿಕೆ ಹೇಳಿಸುವುದೆಂದರೆ ಏನು ಎಂದು ಸಚಿವರಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಈಗ ಗೊತ್ತಾಯಿತು. ಇಂದುಮತಿ ತನ್ನ ನಿಯಮದಂತೆ ಓಟು ಹಾಕದೆ ಪಕ್ಕಕ್ಕೆ ಕುಳಿತಳು. ಉಳಿದವರಲ್ಲಿ ಬೇಕು ಎಂದವರು ಇಬ್ಬರೇ. ವಿಶ್ವಂಭರರಾಯರು ಬೇಡ ಎಂದು ಕೈ ಎತ್ತುವಾಗ ಹಣೆಯ ಬೆವರಿಗೆ ಪೌಡರ್ ಇಳಿದು ಕತ್ತಿನವರೆಗೆ ಗೆರೆ ಬಿದ್ದಿತ್ತು. ನಿಯಮ ಬಿದ್ದುಹೋಯಿತು.

ಹೊರಗೆ ಬಂದಾಗ ಮೆಟ್ಟಿಲ ಮೇಲಿನವರು ನಮಗೆ ದಾರಿ ಬಿಟ್ಟರು. ನನಗೆ ಬೇಕಾದದ್ದು ಸಿಕ್ಕಿತ್ತು. ಯಾವ ಬಸ್ಸು ಎಷ್ಟು ಹೊತ್ತಿಗೆ ಎಂದು ಅಭ್ಯಾಸಬಲದಿಂದ ತಲೆ ಲೆಕ್ಕ ಹಾಕತೊಡಗಿತ್ತು, ಆ ತಲೆಯನ್ನು ಕಿತ್ತೆಸೆಯಬೇಕು ಅನ್ನಿಸಿತು.

"ಯಾವಾಗ ಹೊರಡೋಣ?" ಎಂದೆ, ನೆಲ ನೋಡುತ್ತಾ.

"ಎಲ್ಲಿಗೆ?" ಎಂದಳು. "ಮುಂದಿನ ಕೂಟಕ್ಕೆ ಮತ್ತೆ ತರ್ತೀನಿ. ಇವತ್ತು ಎರಡು ಕೈ ಎದ್ದಿದೆ."

"ಬಿದ್ದುಹೋದ್ರೆ ರಾಜೀನಾಮೆ ಅಂದಿದ್ದೆ."

"ಅಂದಿದ್ದೆ. ಅವಾಗ ಹೊಟ್ಟೆ ಹಸಿದಿತ್ತು." ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿದಳು. ಆಮೇಲೆ ಅಂದಳು, "ನಿಮಗೆ ಬೇಕಾದ್ದು ನಂಗೆ ಗೊತ್ತಾಯ್ತು ರೀ. ನನ್ನಿಂದ ಕೊಡೋಕಾಗಲ್ಲ. ನೀವು ಬೇಕಾದ್ರೆ ಹೋಗ್ಬಹುದು, ನಾನು ಬೇಜಾರು ಮಾಡ್ಕೊಳ್ಳಲ್ಲ."

ನಾನು ಹೋಗಲಿಲ್ಲ. ಯಾಕೆ ಎಂದು ಕೇಳಿದರೆ, ಅವಳಿಗೆ ಅನ್ನಕ್ಕೆ ನೀರಿಡಲು ಬರುವುದಿಲ್ಲ ಎಂದು ಜನರಿಗೆ ಹೇಳುತ್ತೇನೆ. ಊರಿಗೆ ಹೋಗುವ ಆಸೆಯೂ ಹೋಗಲಿಲ್ಲ. ಅದು ಬೆಳಿಗ್ಗೆ ನನಗಿಂತ ಮೊದಲೇ ಎದ್ದು ಒಲೆಯ ಹತ್ತಿರ ನಿಂತಿರುತ್ತದೆ. ಅದಕ್ಕೇ ಈಗ ನಮ್ಮಲ್ಲೊಂದು ರೂಢಿಯಾಗಿದೆ. ದಿನಾ ತಟ್ಟೆಗೆ ಅನ್ನ ಹಾಕಿ, ಅವಳು ಕೈ ಇಡುವ ಮೊದಲು ಹೇಳುತ್ತೇನೆ, "ನಂಗೆ ಊರಿಗೆ ಹೋಗ್ಬೇಕು."

"ಗೊತ್ತು," ಎನ್ನುತ್ತಾಳೆ. "ಸಾರು ಹಾಕಿ."

ಹಾಕುತ್ತೇನೆ. ಅವಳು ಹೊಟ್ಟೆ ತುಂಬಾ ಉಣ್ಣುತ್ತಾಳೆ.